ಅಂಗಡಿಯಲ್ಲಿ ಹೇಳುವ ಮಾತು ವೆಬ್‌ಸೈಟಿನಲ್ಲೂ ಇರಲಿ

ಕೇಳುಗರಿಗೆಲ್ಲ ನಮಸ್ಕಾರ.

ಇಳಕಲ್ ಸೀರೆ ಮಾರುವ ಒಂದು ವೆಬ್‌ಸೈಟ್ ತೆರೆದಿದ್ದೀರಿ ಅಂದುಕೊಳ್ಳಿ. ಫೋಟೋ ಚೆನ್ನಾಗಿದೆ. ಅದರ ಕೆಳಗೆ ಹೀಗೆ ಬರೆದಿದೆ: "ಅಪ್ಪಟ ಸಾಂಪ್ರದಾಯಿಕ ಸೀರೆ. ಅತ್ಯುತ್ತಮ ಗುಣಮಟ್ಟ. ಕೈಗೆಟುಕುವ ಬೆಲೆ. ಎಲ್ಲ ಸಮಾರಂಭಗಳಿಗೂ ಸೂಕ್ತ." ಇಷ್ಟು ಓದಿದ ಮೇಲೆ ಆ ಸೀರೆಯ ಬಗ್ಗೆ ನಮಗೆ ಏನು ಗೊತ್ತಾಯಿತು? ಏನೂ ಇಲ್ಲ. ಇದೇ ನಾಲ್ಕು ಮಾತನ್ನು ಯಾವ ಊರಿನ ಯಾವ ಸೀರೆಯ ಕೆಳಗೆ ಹಾಕಿದರೂ ನಡೆದುಹೋಗುತ್ತದೆ.

ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲೇ ಒಂದು ಅಂಗಡಿಗೆ ಹೋದರೆ ಅಲ್ಲಿಯ ಮಾತುಕತೆ ಬೇರೆಯೇ ಇರುತ್ತದೆ. ಮೈ ಹತ್ತಿಯದೋ ರೇಷ್ಮೆಯದೋ? ಸೆರಗು ಅಸಲಿ ರೇಷ್ಮೆಯೋ, ಆರ್ಟ್ ಸಿಲ್ಕೋ? ಕೈಮಗ್ಗದ್ದೋ, ಪವರ್‌ಲೂಮಿನದೋ? ದಡಿ ಗೋಮಿಯೋ, ಚಿಕ್ಕಿಯೋ? ಆರು ಗಜವೋ, ಒಂಬತ್ತು ಗಜವೋ? ಕುಪ್ಪಸಕ್ಕೆ ಖಣ ಜೊತೆಗೆ ಕೊಡ್ತೀರಾ? ಒಗೆದರೆ ಬಣ್ಣ ಬಿಡುತ್ತದಾ? ಕೇಳುವವರು ಕೇಳುತ್ತಲೇ ಇರುತ್ತಾರೆ, ಹೇಳುವವರು ಬೇಸರ ಇಲ್ಲದೆ ಹೇಳುತ್ತಿರುತ್ತಾರೆ. ಸೀರೆ ಬಿಡಿಸಿ, ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸಿದ ಜಾಗವನ್ನು ತೋರಿಸುತ್ತಾರೆ. ಕೊಳ್ಳುವವರು ಬೆರಳಲ್ಲಿ ಮುಟ್ಟಿ ನೋಡುತ್ತಾರೆ.

ವೆಬ್‌ಸೈಟಿನಲ್ಲಿ ಮುಟ್ಟುವುದಕ್ಕಾಗದು. ಎದುರಿಗೆ ಕೂತು ಕೇಳುವುದಕ್ಕೂ ಆಗದು. ಹಾಗಾಗಿ ಅಂಗಡಿಯಲ್ಲಿ ಬಾಯಿ ಮಾಡುವ ಕೆಲಸವನ್ನೂ ಬೆರಳು ಮಾಡುವ ಕೆಲಸವನ್ನೂ ಅಲ್ಲಿ ಬರವಣಿಗೆಯೇ ಮಾಡಬೇಕು. ಇದನ್ನು ನಮ್ಮ ಸಣ್ಣ ವ್ಯಾಪಾರಸ್ಥರು ಮನಸ್ಸಿಗೆ ತಂದುಕೊಳ್ಳಬೇಕು ಎಂಬುದು ನನ್ನ ಆಸೆ. ವೆಬ್‌ಸೈಟ್ ಮಾಡಿಸಲು ಸಾವಿರಾರು ರೂಪಾಯಿ ಕೊಡುತ್ತಾರೆ. ಬಣ್ಣ ಯಾವುದಿರಲಿ, ಲೋಗೋ ಎಲ್ಲಿರಲಿ ಎಂದು ವಾರಗಟ್ಟಲೆ ಚರ್ಚೆ ಮಾಡುತ್ತಾರೆ. ಬರೆಯುವ ಕೆಲಸವನ್ನು ಮಾತ್ರ "ಏನಾದರೂ ಹಾಕಪ್ಪ" ಎಂದು ಸೈಟ್ ಮಾಡುವ ಹುಡುಗನಿಗೇ ಬಿಟ್ಟುಬಿಡುತ್ತಾರೆ. ಪಾಪ, ಅವನಿಗೆ ಸೀರೆ ಗೊತ್ತಿಲ್ಲ. ಇನ್ನೊಂದು ಸೈಟಿನಿಂದ ತೆಗೆದು ಹಾಕುತ್ತಾನೆ.

ಆರ್ಟ್ ಸಿಲ್ಕ್ ಅಂದೆನಲ್ಲ, ಅದು ಕೃತಕ ರೇಷ್ಮೆ. ವ್ಯಾಪಾರಿಗಳಿಗೆ ಇದು ಗೊತ್ತು, ಎಷ್ಟೋ ಗ್ರಾಹಕರಿಗೆ ಗೊತ್ತಿಲ್ಲ. "ಮೈ ಹತ್ತಿ, ಸೆರಗು ಕೃತಕ ರೇಷ್ಮೆ, ಪವರ್‌ಲೂಮಿನಲ್ಲಿ ನೇಯ್ದದ್ದು" ಎಂದು ನೇರವಾಗಿ ಬರೆಯಿರಿ. ಪವರ್‌ಲೂಮ್ ಸೀರೆ ಮಾರುವುದು ತಪ್ಪೇನಲ್ಲ. ದಿನಾ ಉಡಲು ಕಡಿಮೆ ಬೆಲೆಯದು ಸಾಕು ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನೇ ಕೈಮಗ್ಗದ್ದು ಎಂದು ಬರೆದಾಗ ಅನ್ಯಾಯ ಆಗುತ್ತದೆ. ಕೊಂಡವರಿಗೆ ಒಂದು ಸಲ ಮೋಸವಾದರೆ, ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಲಾಳಿ ಎಸೆಯುವ ನೇಕಾರರಿಗೆ ದಿನಾ ಮೋಸವಾಗುತ್ತದೆ. ಅವರ ಕೂಲಿ "ಕೈಮಗ್ಗ" ಎಂಬ ಆ ಒಂದು ಮಾತಿನ ಮೇಲೆ ಜನ ಇಟ್ಟ ನಂಬಿಕೆಯಿಂದ ಬರುತ್ತದೆ. ಇಳಕಲ್ ಸೀರೆಗೆ ಜಿಐ ಟ್ಯಾಗ್ ಇದೆ, ಅಂದರೆ ಆ ಹೆಸರು ಆ ಊರಿನ ಕಡೆಯ ಮಾಲಿಗೇ ಸಲ್ಲಬೇಕು ಎಂಬ ಗುರುತು. ಅಸಲಿ ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಇದೆ. ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ನಿಮ್ಮ ಮಾಲಿಗೆ ಆ ಗುರುತು ಸಿಕ್ಕಿದ್ದರೆ ಯಾವ ಸೀರೆಗೆ ಯಾವುದು ಎಂದು ಬಿಡಿಸಿ ಬರೆಯಿರಿ. ಸಿಕ್ಕಿಲ್ಲದಿದ್ದರೆ ಸುಮ್ನೆ ಅಂದಕ್ಕೆ ಅಂತ ಆ ಚಿಹ್ನೆ ಹಾಕಬೇಡಿ.

ಕಾಫಿಪುಡಿಯಲ್ಲೂ ಹೀಗೇ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51ರಷ್ಟು ಇರಬೇಕು, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಹಾಕಬೇಕು ಎಂಬ ನಿಯಮ ನಮ್ಮಲ್ಲಿದೆ. ಪೊಟ್ಟಣದ ಮೇಲಿರುವ ಈ ಲೆಕ್ಕ ಎಷ್ಟೋ ಸೈಟುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. "ಮಲೆನಾಡಿನ ಘಮ" ಮಾತ್ರ ಪ್ರತಿ ಸಾಲಿನಲ್ಲೂ ಇರುತ್ತದೆ. 80ಕ್ಕೆ 20ರ ಪುಡಿ ಕುಡಿದು ರೂಢಿಯಾದವರಿಗೆ ಬೇಕಾದದ್ದು ಆ ಎರಡು ಅಂಕಿ, ಅಲ್ವಾ?

ಮಲೆನಾಡು ಅಂದಾಗ ಹೋಮ್‌ಸ್ಟೇಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಚಿಕ್ಕಮಗಳೂರು, ಕೊಡಗು, ಸಕಲೇಶಪುರ, ಎಲ್ಲಿಯದೇ ನೋಡಿ, "ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ" ಎಂದೇ ಇರುತ್ತದೆ. ಹೋಗುವವರಿಗೆ ಬೇಕಾದ ಮಾತು ಇವು: ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಮಳೆಗಾಲದಲ್ಲಿ ಸಣ್ಣ ಕಾರು ಹತ್ತುವುದಿಲ್ಲ. ನಾವು ಜೀಪ್ ಕಳಿಸುತ್ತೇವೆ, ಅದಕ್ಕೆ ಇಷ್ಟು ದುಡ್ಡು. ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಸಿಗುತ್ತದೆ, ರೂಮಿನೊಳಗೆ ಸಿಗುವುದಿಲ್ಲ. ರೂಮಿಗೆ ಹತ್ತಲು ಹದಿನೆಂಟು ಮೆಟ್ಟಿಲು ಇವೆ, ಮಂಡಿನೋವು ಇರುವವರು ಕೆಳಗಿನ ರೂಮ್ ಕೇಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಇಂಬಳ ಇರುತ್ತವೆ. ಮುಳ್ಳಯ್ಯನಗಿರಿಗೆ ಇಷ್ಟು ಕಿಲೋಮೀಟರ್ ಅಂದರೆ ಸಾಲದು, ಘಾಟಿ ರಸ್ತೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದೂ ಬೇಕು.

ಹೀಗೆಲ್ಲ ಬರೆದರೆ ಜನ ಬರುವುದಿಲ್ಲ ಎಂದು ಮಾಲೀಕರು ಹೆದರುತ್ತಾರೆ. ಕೆಲವರು ಬರುವುದಿಲ್ಲ, ನಿಜ. ಇಂಬಳ ಕಂಡರೆ ಆಗದವರು ಜುಲೈ ಬಿಟ್ಟು ಜನವರಿಗೆ ಬರುತ್ತಾರೆ. ಅದು ಅವರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಹೇಳದೆ ಕರೆಸಿಕೊಂಡರೆ ಅವರು ಅರ್ಧ ದಿನಕ್ಕೇ ಹೊರಟು, ದಾರಿಯಲ್ಲೇ ಕೂತು ಒಂದು ಸ್ಟಾರ್ ಕೊಟ್ಟು ಬರೆಯುತ್ತಾರೆ. ಮುಂದಿನವರು ಮೊದಲು ಓದುವುದು ಅದನ್ನೇ.

ಇದರಲ್ಲಿ ಕಾನೂನೂ ಇದೆ. ಆನ್‌ಲೈನ್ ವ್ಯಾಪಾರಕ್ಕೆಂದೇ ಕೇಂದ್ರ ಸರ್ಕಾರ 2020ರಲ್ಲಿ ಗ್ರಾಹಕ ಸಂರಕ್ಷಣೆಯ ನಿಯಮಗಳನ್ನು ತಂದಿತು. ವ್ಯಾಪಾರದ ಹೆಸರು, ವಿಳಾಸ, ದೂರು ಕೇಳುವ ಅಧಿಕಾರಿಯ ವಿವರ, ಒಟ್ಟು ಬೆಲೆ, ವಾಪಸಾತಿಯ ಷರತ್ತು, ಇವೆಲ್ಲ ಕಾಣುವಂತೆ ಇರಬೇಕು. ದೂರು ಬಂದರೆ 48 ಗಂಟೆಯೊಳಗೆ "ನಿಮ್ಮ ದೂರು ತಲುಪಿದೆ" ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. 2023ರ ನವೆಂಬರ್‌ನಲ್ಲಿ ಇನ್ನೊಂದು ಮಾರ್ಗಸೂಚಿ ಬಂತು. ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ಬಗೆಯ ತಂತ್ರಗಳನ್ನು ಅದು ಹೆಸರಿಸಿದೆ. ಡಾರ್ಕ್ ಪ್ಯಾಟರ್ನ್ ಅನ್ನುವುದು ಇವನ್ನೇ. ಅವುಗಳಲ್ಲಿ ಎಷ್ಟೋ ಬರೀ ಮಾತಿನ ಆಟ. ಗೋಡೌನ್ ತುಂಬ ಮಾಲಿದ್ದರೂ "ಇನ್ನು ಎರಡೇ ಉಳಿದಿವೆ" ಎಂದು ಬರೆಯುವುದು ಒಂದು. ಮೊದಲು ಕಡಿಮೆ ಬೆಲೆ ತೋರಿಸಿ, ಹಣ ಕಟ್ಟುವ ಹೊತ್ತಿಗೆ ಒಂದೊಂದೇ ಖರ್ಚು ಸೇರಿಸುವುದು ಇನ್ನೊಂದು. ವಿಮೆ ಬೇಡ ಅನ್ನುವವರ ಕೈಯಲ್ಲಿ "ನನಗೆ ರಕ್ಷಣೆ ಬೇಡ" ಎಂಬ ಬಟನ್ ಒತ್ತಿಸಿ ನಾಚಿಕೆಪಡಿಸುವುದು ಮತ್ತೊಂದು. ದೊಡ್ಡ ಕಂಪನಿಗಳನ್ನು ನೋಡಿ ನಮ್ಮ ಸಣ್ಣ ಅಂಗಡಿಗಳೂ ಇದನ್ನು ಕಲಿಯುತ್ತಿರುವುದು ನನಗೆ ನಿಜವಾಗಿಯೂ ನೋವಿನ ವಿಷಯ. ಪರಿಚಯದ ಗಿರಾಕಿಗಳ ಎದುರು ಹೀಗೆ ಮಾತಾಡಲು ಇದೇ ಜನರಿಗೆ ಬಾಯಿ ಬರುವುದಿಲ್ಲ.

ಹಣ ವಾಪಸ್ ಕೊಡುವ ವಿಷಯಕ್ಕೆ ಬಂದರೆ ಭಾಷೆ ಇದ್ದಕ್ಕಿದ್ದಂತೆ ಕೋರ್ಟು ಕಚೇರಿಯದಾಗುತ್ತದೆ. "ಸಂಸ್ಥೆಯ ವಿವೇಚನೆಗೆ ಒಳಪಟ್ಟು ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಇದರಲ್ಲಿ ದುಡ್ಡು ಬರುತ್ತದೋ ಇಲ್ಲವೋ? ಅದನ್ನೇ ಹೀಗೆ ಬರೆಯಬಹುದು: "ಸೀರೆ ಕೈಸೇರಿದ 7 ದಿನದೊಳಗೆ ವಾಪಸ್ ಕಳಿಸಬಹುದು. ಉಟ್ಟಿರಬಾರದು, ಒಗೆದಿರಬಾರದು, ಫಾಲ್ ಹಾಕಿಸಿರಬಾರದು. ಮನಸ್ಸು ಬದಲಾಗಿ ಕಳಿಸಿದರೆ ಕೊರಿಯರ್ ಖರ್ಚು ನಿಮ್ಮದು. ಹರಿದಿದ್ದರೆ ಅಥವಾ ಬೇರೆ ಸೀರೆ ಬಂದಿದ್ದರೆ ಖರ್ಚು ನಮ್ಮದು. ಸೀರೆ ನಮಗೆ ತಲುಪಿದ 5 ದಿನದೊಳಗೆ ಹಣ ನಿಮ್ಮ ಖಾತೆಗೆ ಬರುತ್ತದೆ." ಇದನ್ನು ಓದಿದವರಿಗೆ ಫೋನ್ ಮಾಡುವ ಕೆಲಸವೇ ಬೀಳುವುದಿಲ್ಲ. ನಾಳೆ ಜಗಳ ಬಂದರೆ ಅಂಗಡಿಯವರನ್ನು ಕಾಪಾಡುವುದೂ ಈ ಸಾಲುಗಳೇ. ಬರೆದ ಮೇಲೆ ಅದರಂತೆ ನಡೆಯಬೇಕು, ಅಷ್ಟೇ. 5 ದಿನ ಆಗದಿದ್ದರೆ 10 ಎಂದೇ ಬರೆಯಿರಿ.

ಇನ್ನೊಂದು ಮಾತು, ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ವಾಟ್ಸಾಪ್‌ಗೆ ಮಾಡಿಸಿದ ಪೋಸ್ಟರನ್ನೇ ತಂದು ಸೈಟಿಗೆ ಅಂಟಿಸುತ್ತಾರೆ. ಬೆಲೆ, ವಿಳಾಸ, ಫೋನ್ ನಂಬರ್ ಎಲ್ಲ ಆ ಚಿತ್ರದೊಳಗೇ ಇರುತ್ತವೆ. ಈಗ ರೇಡಿಯೋ ಕೇಳುತ್ತಿರುವವರಲ್ಲಿ ಕಣ್ಣು ಕಾಣದವರೂ ಇದ್ದೀರಿ. ಫೋನ್ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯದಿಂದ ನೀವು ಸೈಟುಗಳನ್ನು ಬಳಸುತ್ತೀರಿ. ಅಂಥ ಪೋಸ್ಟರ್ ಬಂದಾಗ ಎಷ್ಟೋ ಸಲ ಫೋನ್ "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅಂಗಡಿಯ ಬಾಗಿಲು ಅಲ್ಲಿಗೇ ಮುಚ್ಚಿದ ಹಾಗೆ. ಬೆಲೆ, ನಂಬರ್, ಸಮಯ ಇವನ್ನು ಅಕ್ಷರದಲ್ಲೇ ಟೈಪ್ ಮಾಡಿ. ಫೋಟೋಗೆ ವಿವರಣೆ ಸೇರಿಸುವ ಜಾಗದಲ್ಲಿ "ಸೀರೆ 3" ಎಂದು ಹಾಕುವ ಬದಲು "ಗಿರಿಕುಂಕುಮ ಬಣ್ಣದ ಮೈ, ಕೆಂಪು ಸೆರಗಿನ ಮೇಲೆ ಬಿಳಿ ತೋಪುತೆನಿ" ಎಂದು ಬರೆಯಿರಿ. ತೋಪುತೆನಿ ಅಂದರೆ ಇಳಕಲ್ ಸೆರಗಿನ ಸಾಂಪ್ರದಾಯಿಕ ವಿನ್ಯಾಸ. ಕಣ್ಣು ಕಾಣುವವರಿಗೂ ಇದು ಉಪಯೋಗವೇ, ಏಕೆಂದರೆ ಒಂದೇ ಕೆಂಪು ಒಂದೊಂದು ಫೋನಿನಲ್ಲಿ ಒಂದೊಂದು ಥರ ಕಾಣುತ್ತದೆ.

ಇಷ್ಟನ್ನೆಲ್ಲ ಯಾರು ಬರೆಯಬೇಕು? ಸಾಹಿತಿಗಳೇನೂ ಬೇಕಿಲ್ಲ. ನಿಮ್ಮ ಅಂಗಡಿಯಲ್ಲಿ ಫೋನ್ ಎತ್ತುವವರು ಯಾರು? ಅವರ ಪಕ್ಕ ಒಂದು ನೋಟ್‌ಬುಕ್ ಇಡಿ. ಜನ ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಕೆಲವೇ ದಿನಕ್ಕೆ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರತೊಡಗುತ್ತವೆ. ಅವುಗಳ ಉತ್ತರ ಸೈಟಿನ ಮೊದಲ ಪುಟದಲ್ಲಿ ಇರಬೇಕು. ಬರೆದದ್ದನ್ನು, ನಾವು ರೇಡಿಯೋದಲ್ಲಿ ಮಾಡುವಂತೆ, ಒಮ್ಮೆ ಗಟ್ಟಿಯಾಗಿ ಓದಿ. ಉಸಿರು ಸಾಲದಿದ್ದರೆ ವಾಕ್ಯ ಉದ್ದ ಆಯಿತು, ತುಂಡು ಮಾಡಿ. ಆಮೇಲೆ ನಿಮ್ಮ ವ್ಯಾಪಾರದ ಗಂಧಗಾಳಿ ಇಲ್ಲದ ನೆಂಟರೊಬ್ಬರ ಕೈಗೆ ಫೋನ್ ಕೊಟ್ಟು ಓದಿಸಿ. ಓದಿ ಮುಗಿಸಿದ ಮೇಲೂ ಅವರು ಏನಾದರೂ ಕೇಳಿದರೆ ಬಾಯಲ್ಲಿ ಉತ್ತರ ಹೇಳಬೇಡಿ. ಆ ಉತ್ತರವನ್ನು ಅಲ್ಲೇ, ಅವರ ಎದುರಿಗೇ ಪುಟದಲ್ಲಿ ಸೇರಿಸಿ.

ನಮಸ್ಕಾರ.