ಮೂಲ ಅಂಕಪಟ್ಟಿ ಕೊಟ್ಟರೆ ಮಾತ್ರ ಕೆಲಸ: ದಾವಣಗೆರೆಯಲ್ಲಿ ನನ್ನ ಹುಡುಕಾಟ

ನಮಸ್ಕಾರ. ಈಗ ನೀವು ನೋಡುತ್ತಿರುವುದು ದಾವಣಗೆರೆಯ ಅಶೋಕ ರಸ್ತೆ. ಅಂಗಡಿಗಳ ಬಾಗಿಲು ತೆರೆಯುವ ಹೊತ್ತಿಗೆ ಬಂದರೆ ಮಾಲೀಕರು ಮಾತಿಗೆ ಸಿಗುತ್ತಾರೆ, ಹನ್ನೊಂದು ದಾಟಿದರೆ ವ್ಯಾಪಾರ ಶುರುವಾಗಿ ಯಾರಿಗೂ ಪುರುಸೊತ್ತಿರುವುದಿಲ್ಲ ಎಂದು ನಮ್ಮ ಮನೆಯ ಮಾಲೀಕರ ಹೆಂಡತಿ ಹೇಳಿದ್ದರಿಂದ ಇಷ್ಟು ಬೇಗ ಹೊರಟಿದ್ದೇನೆ. ಕೈಯಲ್ಲಿರುವ ಈ ನೀಲಿ ಫೈಲನ್ನು ಗಮನಿಸಿ. ಮುಂದೆ ಇದರ ಬಗ್ಗೆಯೇ ಬಹಳ ಹೊತ್ತು ಮಾತನಾಡುವುದಿದೆ.

ಹೊಸದಾಗಿ ನೋಡುತ್ತಿರುವವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮ ಯಜಮಾನರಿಗೆ ಬ್ಯಾಂಕಿನಲ್ಲಿ ಈ ಊರಿಗೆ ವರ್ಗವಾಯಿತು. ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದ ಕೆಲಸವನ್ನು ಬಿಟ್ಟು ನಾನೂ ಮಗಳೂ ಜೊತೆಗೆ ಬಂದೆವು. ಮನೆಯಿಂದಲೇ ಕೆಲಸ ಮಾಡಲು ಅನುಮತಿ ಕೇಳಿದ್ದೆ, ಕಂಪನಿ ಒಪ್ಪಲಿಲ್ಲ. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಸಂಬಳಪಟ್ಟಿ ಎಲ್ಲವೂ ಬರುವವಳಿಗೆ ಒಂದು ಜಿಲ್ಲಾ ಕೇಂದ್ರದಲ್ಲಿ ಕೆಲಸಕ್ಕೇನು ಬರವೆಂದು ಬಂಧುಗಳೆಲ್ಲ ಧೈರ್ಯ ಹೇಳಿ ಕಳುಹಿಸಿದ್ದರು.

ಪರದೆಯ ಮೇಲೆ ಕಾಣುತ್ತಿರುವುದು ಉದ್ಯೋಗದ ಆ್ಯಪ್. ಊರಿನ ಹೆಸರು ಹಾಕಿ ಹುಡುಕಿದಾಗ ಸಾಲಾಗಿ ಬರುವುದನ್ನು ನೀವೇ ಓದಬಹುದು: ವಿಮೆ ಏಜೆಂಟ್, ಸಾಲ ವಸೂಲಿ ಪ್ರತಿನಿಧಿ, ಮನೆಮನೆಗೆ ಸರಕು ತಲುಪಿಸುವ ಕೆಲಸ. ಲೆಕ್ಕಪತ್ರದ ಹುದ್ದೆಯೆಂದು ತೆರೆದು ನೋಡಿದರೆ ಬೆಂಗಳೂರಿಗೆ ಬಂದು ನೆಲೆಸಲು ಸಿದ್ಧರಿರಬೇಕೆಂಬ ಷರತ್ತು ಕೆಳಗಿರುತ್ತದೆ. ವಂದೇ ಭಾರತ್ ರೈಲು ಇಲ್ಲಿ ನಿಲ್ಲುತ್ತದೆಯಲ್ಲ, ವಾರಕ್ಕೆರಡು ದಿನ ಹೋಗಿ ಬಾ ಎಂದು ಗೆಳತಿಯೊಬ್ಬಳು ಸಲಹೆ ಕೊಟ್ಟಳು. ರಸ್ತೆಯಲ್ಲಿ ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್, ರೈಲು ಬೀರೂರು, ಅರಸೀಕೆರೆಗಳನ್ನು ಸುತ್ತಿಕೊಂಡು ಇನ್ನೂ ದೂರ ಹೋಗುತ್ತದೆ. ಶಾಲೆಗೆ ಹೋಗುವ ಮಗುವಿರುವವರು ಆ ಸಲಹೆಯನ್ನು ಪಾಲಿಸುವುದು ಸಾಧ್ಯವಿಲ್ಲ. ಚಿತ್ರದುರ್ಗದ ಮೇಲಿನ ನೇರ ರೈಲು ಮಾರ್ಗ ಪೂರ್ತಿಯಾದ ಮೇಲೆ ಬೇಕಾದರೆ ಮತ್ತೆ ಯೋಚಿಸುತ್ತೇನೆ.

ಇದು ಡಿಸಿಎಂ ಟೌನ್‌ಶಿಪ್. ಡಿಸಿಎಂ ಎಂದರೆ ದಾವಣಗೆರೆ ಕಾಟನ್ ಮಿಲ್ಸ್. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಹತ್ತಿ ಗಿರಣಿಗಳ ಸೈರನ್ ಕೇಳಿ ಊರೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತೆಂದು ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ. ಗಿರಣಿ ಕಾರ್ಮಿಕರ ಸಂಘಟನೆ ಎಷ್ಟು ಬಲವಾಗಿತ್ತೆಂದರೆ ಕಮ್ಯುನಿಸ್ಟ್ ನಾಯಕ ಪಂಪಾಪತಿಯವರನ್ನು ಈ ಊರು ಶಾಸಕರನ್ನಾಗಿ ಆರಿಸಿ ಕಳುಹಿಸಿತ್ತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕಿರ್ಲೋಸ್ಕರ್ ಕೂಡ ಮುಚ್ಚಿತು. ಆ ಬಳಿಕ ಊರಿಗೆ ಆಧಾರವಾದದ್ದು ವಿದ್ಯಾಸಂಸ್ಥೆಗಳು. ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರದು, ಜೆಜೆಎಂ ವೈದ್ಯಕೀಯ ಕಾಲೇಜು 1965ರದು, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರದು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೂ ಬಂತು. ಓದಿಸುವುದರಲ್ಲಿ ಈ ಊರಿಗೆ ಕೊರತೆಯಿಲ್ಲ. ಓದಿದವರು ಸಂಜೆಯ ಬಸ್ಸು ಹತ್ತಿ ಹೊರಟುಹೋಗುತ್ತಾರೆ, ನಾನು ಎದುರು ದಿಕ್ಕಿನಿಂದ ಬಂದು ಇಳಿದಿದ್ದೇನೆ. ಈ ವಿಷಯವನ್ನು ಇನ್ನಷ್ಟು ಹೇಳಬೇಕೆಂದಿತ್ತು, ಆದರೆ ದೃಶ್ಯ ಮುಗಿಯುತ್ತಿದೆ, ಮಂಡಿಪೇಟೆಗೆ ಹೋಗೋಣ.

ಇಲ್ಲಿ ಕೆಲಸ ಹುಡುಕುವವರು ಆ್ಯಪನ್ನು ಬದಿಗಿಟ್ಟು ಮೊದಲು ಜನತಾವಾಣಿ ಪತ್ರಿಕೆಯನ್ನು ತೆರೆಯಬೇಕು. 'ಬೇಕಾಗಿದ್ದಾರೆ' ಎಂಬ ಸಣ್ಣ ಜಾಹೀರಾತುಗಳಲ್ಲಿ ಒಂದು ದೂರವಾಣಿ ಸಂಖ್ಯೆ, ಒಂದು ಸಾಲಿನ ವಿವರ, ಅಷ್ಟೇ ಇರುತ್ತದೆ. ಸಂಬಳವನ್ನು ಯಾರೂ ಬರೆಯುವುದಿಲ್ಲ. ಅದಕ್ಕಿಂತ ದೊಡ್ಡ ದಾರಿ ಬಾಯಿಮಾತು. ಮಂಡಿಪೇಟೆಯ ಸಾಹುಕಾರರಿಗೆ ಗುಮಾಸ್ತರು ಬೇಕಾದರೆ ಅವರು ತಮ್ಮ ಲೆಕ್ಕಪರಿಶೋಧಕರಿಗೆ ಹೇಳುತ್ತಾರೆ, ಲೆಕ್ಕಪರಿಶೋಧಕರು ತಮ್ಮ ಕಚೇರಿಯ ಹುಡುಗನಿಗೆ ಹೇಳುತ್ತಾರೆ, ಆ ಹುಡುಗ ತನ್ನ ಚಿಕ್ಕಪ್ಪನ ಮಗಳನ್ನು ಕರೆತರುತ್ತಾನೆ. ಹೊರಗಿನಿಂದ ಬಂದವಳಿಗೆ ಆ ಕೆಲಸ ಖಾಲಿಯಿತ್ತೆಂಬುದೇ ತಿಳಿಯುವುದಿಲ್ಲ. ಇದು ಅನ್ಯಾಯವೆಂದು ನಾನು ಕಳೆದ ವಿಡಿಯೊದಲ್ಲಿ ಕಟುವಾಗಿ ಹೇಳಿದ್ದೆ. ಈಗ ಅಷ್ಟು ಕಟುವಾಗಿ ಹೇಳಲಾರೆ. ದಲ್ಲಾಳಿ ಮಂಡಿಯ ಗುಮಾಸ್ತರ ಕೈಯಲ್ಲಿ ರೈತರಿಗೆ ಸಲ್ಲಬೇಕಾದ ಹಣವಿರುತ್ತದೆ, ತಿಜೋರಿಯ ಬೀಗದ ಕೈಯಿರುತ್ತದೆ, ಯಾರಿಗೆ ಎಷ್ಟು ಸಾಲ ಕೊಟ್ಟಿದ್ದಾರೆಂಬ ಗುಟ್ಟಿರುತ್ತದೆ. ಮೆಕ್ಕೆಜೋಳದ ಆವಕ ಜೋರಾಗಿರುವಾಗ ಯಾರ ಪರಿಚಯವೂ ಇಲ್ಲದವರನ್ನು ಆ ಜಾಗದಲ್ಲಿ ಕೂರಿಸಲು ಅಂಜುವುದು ಸಹಜ.

ಉದ್ಯೋಗ ವಿನಿಮಯ ಕಚೇರಿಗೆ ಹೋಗಲಿಲ್ಲವೇ ಎಂದು ಹಲವರು ಕೇಳಿದ್ದೀರಿ. ಹೋಗಿದ್ದೆ, ನೋಂದಣಿಯೂ ಆಗಿದೆ. ಆದರೆ ಅದರ ಮಿತಿಯನ್ನು ತಿಳಿದುಕೊಂಡಿರುವುದು ಒಳ್ಳೆಯದು. ಖಾಲಿ ಹುದ್ದೆಗಳನ್ನು ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು 1959ರಲ್ಲಿ ಬಂದ ಕಾಯ್ದೆ ಖಾಸಗಿಯವರಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯವಾಗುತ್ತಿತ್ತು, ಅದೂ ತಿಳಿಸುವ ಮಟ್ಟಿಗೆ. ಅಲ್ಲಿಂದಲೇ ಆರಿಸಿಕೊಳ್ಳಬೇಕೆಂಬ ಕಟ್ಟುಪಾಡು ಅದರಲ್ಲಿರಲಿಲ್ಲ. ಈ ಬೀದಿಯ ಅಂಗಡಿಗಳಲ್ಲಿ ಐದಾರು ಜನ ಕೆಲಸ ಮಾಡುತ್ತಾರೆ. ಊರಿನ ಬಹುಪಾಲು ಕೆಲಸ ಇಂಥ ಅಂಗಡಿಗಳಲ್ಲೇ ಇರುವುದರಿಂದ ಅದು ಯಾವ ಪಟ್ಟಿಗೂ ಬರುವುದಿಲ್ಲ. ಯುವನಿಧಿಯ ಬಗ್ಗೆಯೂ ಕೇಳಿದ್ದೀರಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ ಕೊಡುವ ಆ ಯೋಜನೆ ಇತ್ತೀಚೆಗೆ ಓದು ಮುಗಿಸಿದವರಿಗಾಗಿ ಇರುವಂಥದು. ನಾನು ಪದವಿ ಮುಗಿಸಿ ಬಹಳ ವರ್ಷಗಳಾದವು.

ಈಗ ಫೈಲಿನ ವಿಷಯಕ್ಕೆ ಬರುತ್ತೇನೆ. ಈ ಭಾಗದಲ್ಲಿ ದೃಶ್ಯವಿಲ್ಲ, ಅಲ್ಲಿ ಕ್ಯಾಮೆರಾ ತೆಗೆಯುವಂತಿರಲಿಲ್ಲ. ಆದ್ದರಿಂದ ನಮ್ಮ ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಹೇಳುತ್ತಿದ್ದೇನೆ. ಊರಿನ ಒಂದು ಖಾಸಗಿ ಸಂಸ್ಥೆಯಲ್ಲಿ ನನಗೆ ಸಂದರ್ಶನವಿತ್ತು. ಹೆಸರು ಹೇಳುವುದಿಲ್ಲ, ಊಹಿಸಿ ಬರೆಯಬೇಡಿ. ಸಂದರ್ಶನ ಚೆನ್ನಾಗಿಯೇ ಆಯಿತು. ಬ್ಯಾಂಕ್ ಪಾಸ್‌ಬುಕ್ಕಿಗೂ ಲೆಕ್ಕಪುಸ್ತಕಕ್ಕೂ ತಾಳೆಯಾಗದ ಒಂದು ತಿಂಗಳ ಲೆಕ್ಕವನ್ನು ಮುಂದಿಟ್ಟರು, ವ್ಯತ್ಯಾಸ ಎಲ್ಲಿದೆಯೆಂದು ಹುಡುಕಿಕೊಟ್ಟೆ. ಸಂಬಳ 14,000 ಎಂದರು. ಬೆಂಗಳೂರಿನಲ್ಲಿ ನಾನು ಪಡೆಯುತ್ತಿದ್ದದ್ದು 32,000. ಇಲ್ಲಿ ಖರ್ಚು ಕಡಿಮೆಯಲ್ಲವೇ ಎಂಬುದು ಅವರ ವಾದ. ಮನೆ ಬಾಡಿಗೆ ಕಡಿಮೆ, ನಿಜ. ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಮೊಬೈಲ್ ರೀಚಾರ್ಜ್ ಯಾವುದಕ್ಕೂ ಊರು ಚಿಕ್ಕದೆಂದು ಯಾರೂ ರಿಯಾಯಿತಿ ಕೊಡುವುದಿಲ್ಲ. ಆದರೂ ಒಪ್ಪಿಕೊಂಡೆ, ಏಕೆಂದರೆ ಒಳಗೆ ಕಾಲಿಟ್ಟ ಮೇಲೆ ಕೆಲಸ ತೋರಿಸಿ ಹೆಚ್ಚು ಕೇಳಬಹುದೆಂಬ ನಂಬಿಕೆಯಿತ್ತು. ಭವಿಷ್ಯ ನಿಧಿ ಆರು ತಿಂಗಳ ನಂತರ ಎಂದರು. 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಇಷ್ಟು ಸಂಬಳದವರಿಗೆ ಅದು ಮೊದಲ ದಿನದಿಂದಲೇ ಸಲ್ಲಬೇಕು. ಸಂಬಳಪಟ್ಟಿ ತಯಾರಿಸುತ್ತಿದ್ದವಳಿಗೆ ಇದು ಚೆನ್ನಾಗಿಯೇ ಗೊತ್ತು. ಅದನ್ನೂ ವಿನಯದಿಂದಲೇ ಹೇಳಿದೆ, ನೋಡೋಣ ಎಂದರು.

ಕೊನೆಯಲ್ಲಿ ಬಂತು ಆ ಮಾತು. ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಕಾಂ., ಎಲ್ಲ ಮೂಲ ಅಂಕಪಟ್ಟಿಗಳನ್ನು ಕಚೇರಿಯಲ್ಲಿ ಒಪ್ಪಿಸಬೇಕು, ಎರಡು ವರ್ಷ ಅವು ಅಲ್ಲಿಯೇ ಇರುತ್ತವೆ, ನಡುವೆ ಬಿಟ್ಟುಹೋಗುವುದಾದರೆ ಎರಡು ತಿಂಗಳ ಸಂಬಳ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ನೋಡಿ ವಾಪಸು ಕೊಡಿ, ನಕಲಿಗೆ ಸಹಿ ಹಾಕಿ ಕೊಡುತ್ತೇನೆ ಎಂದೆ. ಆಗುವುದಿಲ್ಲ ಎಂದರು. ಹಾಗಾದರೆ ಯಾವ ಯಾವ ದಾಖಲೆ ಪಡೆದಿದ್ದೀರೆಂದು ಸಂಸ್ಥೆಯ ಮುದ್ರೆಯೊಂದಿಗೆ ರಸೀದಿ ಕೊಡುತ್ತೀರಾ ಎಂದು ಕೇಳಿದೆ. "ಅಷ್ಟೂ ನಂಬಿಕೆ ಇಲ್ವಾ ಮೇಡಂ ನಮ್ಮ ಮೇಲೆ?" ಎಂದರು ಮೇಜಿನ ಆಚೆ ಕುಳಿತಿದ್ದವರು. ನಂಬಿಕೆ ಎಂಬ ಮಾತನ್ನು ಅವರು ಆಡಿದ್ದು ನನಗೆ ಇವತ್ತಿಗೂ ಸಹಿಸಲಾಗುತ್ತಿಲ್ಲ. ನನ್ನನ್ನು ನಂಬದೆ ಒತ್ತೆ ಕೇಳುತ್ತಿರುವವರು ಅವರು. ನಾನು ಕೇಳಿದ್ದು ಒಂದು ಚೀಟಿ. ಅಡವಿಟ್ಟ ಬಂಗಾರಕ್ಕೂ ಸಾಹುಕಾರ ರಸೀದಿ ಕೊಡುತ್ತಾನೆ.

ಈ ಕಾಗದಗಳ ಬೆಲೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವು ಅವರ ಕಪಾಟಿನಲ್ಲಿರುವಾಗ ನಾನು ಬೇರೆ ಯಾವ ಸಂದರ್ಶನಕ್ಕೂ ಮೂಲ ದಾಖಲೆ ಹಿಡಿದು ಹೋಗಲಾರೆ. ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂದರೆ ಅವರ ದಯೆಗಾಗಿ ಕಾಯಬೇಕು. ಅಲ್ಲಿ ಗೆದ್ದಲು ಹಿಡಿದರೆ, ಮಳೆನೀರು ಸೋರಿದರೆ, ಅಥವಾ ಸಂಸ್ಥೆಯೇ ಮುಚ್ಚಿದರೆ ನಕಲು ಪ್ರತಿಗಾಗಿ ಪೊಲೀಸ್ ಠಾಣೆ, ಅಫಿಡವಿಟ್ಟಿನ ಛಾಪಾ ಕಾಗದ, ವಿಶ್ವವಿದ್ಯಾನಿಲಯದ ಕಿಟಕಿ ಎಲ್ಲವನ್ನೂ ಸುತ್ತುವವಳು ನಾನು. ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಕಾಲೇಜುಗಳು ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಸ್ಪಷ್ಟವಾಗಿ ತಿಳಿಸಿದೆ. ಶೈಕ್ಷಣಿಕ ಪ್ರಮಾಣಪತ್ರವು ಮಾರಾಟದ ಸರಕಲ್ಲ, ಅದನ್ನು ಒತ್ತೆಯಾಗಿ ಹಿಡಿದಿಡಲಾಗದು ಎಂದು ಮದ್ರಾಸ್ ಹೈಕೋರ್ಟ್ ಹೇಳಿದೆ. ಪರಿಶೀಲನೆಯೇ ಉದ್ದೇಶವಾಗಿದ್ದರೆ ದಾಖಲೆಗಳನ್ನು ಮೊಬೈಲಿನಲ್ಲೇ ತೋರಿಸಬಹುದಾದ ಸರ್ಕಾರದ ಡಿಜಿಲಾಕರ್ ಇದೆ. ಹಾಗಿರುವಾಗ ಕಾಗದವನ್ನೇ ಕೇಳುವುದರ ಉದ್ದೇಶ ಒಂದೇ, ನಾವು ಬಿಟ್ಟುಹೋಗದಂತೆ ಕಟ್ಟಿಹಾಕುವುದು.

ಅವರಿಗೆ ಇಂಥ ಹೆದರಿಕೆ ಏಕೆ ಬಂದಿರಬಹುದೆಂದು ಮನೆಗೆ ಬಂದ ಮೇಲೆ ಬಹಳ ಯೋಚಿಸಿದೆ. ಕಾಲೇಜಿನಿಂದ ಹೊರಬಂದ ಹುಡುಗ ಹುಡುಗಿಯರು ಇಲ್ಲಿ ಆರು ತಿಂಗಳು ಟ್ಯಾಲಿ ಕಲಿತು, ಅನುಭವ ಪತ್ರ ಪಡೆದು ಬೆಂಗಳೂರಿಗೆ ಹೋಗುತ್ತಾರೆ. ಪ್ರತಿ ಬಾರಿಯೂ ಹೊಸಬರಿಗೆ ಮೊದಲಿನಿಂದ ಕಲಿಸುವುದು ಮಾಲೀಕರಿಗೆ ನಿಜವಾಗಿಯೂ ನಷ್ಟ. ಆ ನಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೋಗುವವರನ್ನು ತಡೆಯಲು ಸಂಬಳ ಹೆಚ್ಚಿಸುವುದು, ಮೂರು ತಿಂಗಳ ಮುಂಗಡ ಸೂಚನೆ ಕೇಳುವುದು, ಮೊದಲ ದಿನದಿಂದ ಭವಿಷ್ಯ ನಿಧಿ ಕೊಡುವುದು ಹೀಗೆ ನೇರವಾದ ದಾರಿಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕು, ಅಂಕಪಟ್ಟಿ ಇಟ್ಟುಕೊಳ್ಳುವುದಕ್ಕೆ ಬೇಡ. ಕೆಲಸಗಳು ಬೇಕಾದಷ್ಟಿರುವ ಊರಿನಲ್ಲಿ ಹೀಗೆ ಕೇಳಿದರೆ ಅಭ್ಯರ್ಥಿ ಎದ್ದು ಪಕ್ಕದ ಕಟ್ಟಡಕ್ಕೆ ಹೋಗುತ್ತಾನೆ. ಇಲ್ಲಿ ಪಕ್ಕದ ಕಟ್ಟಡದಲ್ಲೂ ಕೆಲಸವಿಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತಿದೆ. ಅಂದು ಹೊರಗಿನ ಬೆಂಚಿನ ಮೇಲೆ ಹಳ್ಳಿಯಿಂದ ಬಂದ ಒಬ್ಬ ಹುಡುಗಿ ತನ್ನ ತಂದೆಯೊಂದಿಗೆ ಕುಳಿತಿದ್ದಳು. ಏನು ಕೇಳಿದರು ಅಕ್ಕಾ ಎಂದಳು, ಹೇಳಿದೆ. ಅವಳ ತಂದೆ ಅಲ್ಲಿಯವರೆಗೆ ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿಕೊಂಡರು. ಆಕೆ ಕೊಟ್ಟಳೋ ಇಲ್ಲವೋ ತಿಳಿಯದು. ಕೊಟ್ಟಿದ್ದರೆ ಆಕೆಯನ್ನು ದೂರುವ ಮಾತೇ ಇಲ್ಲ. ನನಗೆ ಯಜಮಾನರ ಸಂಬಳವಿದೆ, ಆದ್ದರಿಂದ ಫೈಲನ್ನು ಎತ್ತಿಕೊಂಡು ಬರಲು ಸಾಧ್ಯವಾಯಿತು.

ಮತ್ತೆ ಮಂಡಿಪೇಟೆ. ಈ ಮೆಟ್ಟಿಲು ಹತ್ತಿದರೆ ಮೇಲೆ ಒಬ್ಬ ತೆರಿಗೆ ಸಲಹೆಗಾರರ ಕಚೇರಿಯಿದೆ, ನಮ್ಮ ಮನೆಯ ಮಾಲೀಕರ ಹೆಂಡತಿಯೇ ಪರಿಚಯಿಸಿಕೊಟ್ಟರು. ಬಾಯಿಮಾತಿನ ದಾರಿ ನನಗೂ ತೆರೆಯಿತು. ಇಲ್ಲಿ ಪೂರ್ಣಾವಧಿಯ ಹುದ್ದೆಯಿಲ್ಲ, ಆದರೆ ತಿಂಗಳ 11ನೇ ತಾರೀಖಿಗೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ತೆರಿಗೆ ರಿಟರ್ನುಗಳನ್ನು ಸಲ್ಲಿಸಬೇಕಾದ ವ್ಯಾಪಾರಿಗಳ ಬಿಲ್ಲುಗಳು ಚೀಲಗಟ್ಟಲೆ ಬಂದು ಬೀಳುತ್ತವೆ, ಆ ದಿನಗಳಲ್ಲಿ ಕೈ ಸಾಲುವುದಿಲ್ಲ. ಒಬ್ಬ ವ್ಯಾಪಾರಿಯ ಲೆಕ್ಕಕ್ಕೆ ತಿಂಗಳಿಗೆ 1,500 ರೂಪಾಯಿಯಂತೆ ಕೊಡುತ್ತೇನೆ, ಮೊದಲು ನಾಲ್ಕು ಅಂಗಡಿಗಳ ಲೆಕ್ಕ ನೋಡಿ ಎಂದಿದ್ದಾರೆ. ಹೀಗೆ ಚೂರುಚೂರು ಕೆಲಸ ಮಾಡುವುದಿಲ್ಲವೆಂದು ಹಟ ಹಿಡಿದಿದ್ದೆ, ಸದ್ಯಕ್ಕೆ ಆ ಹಟವನ್ನು ಬಿಟ್ಟಿದ್ದೇನೆ. ಭವಿಷ್ಯ ನಿಧಿಯಾಗಲಿ ರಜೆಯಾಗಲಿ ಇದರಲ್ಲಿಲ್ಲ, ಹಾಗಾಗಿ ಕಾಯಂ ಕೆಲಸದ ಹುಡುಕಾಟ ನಿಲ್ಲುವುದಿಲ್ಲ. ಅಂಕಪಟ್ಟಿ ತೋರಿಸಲೇ ಎಂದು ಕೇಳಿದಾಗ ಅವರು ಫೈಲನ್ನು ಮುಟ್ಟಲೂ ಇಲ್ಲ, ಕಳೆದ ತಿಂಗಳ ಒಂದು ರಿಟರ್ನ್ ತೆರೆದು ಇದರಲ್ಲಿ ಹೂಡುವಳಿ ತೆರಿಗೆ, ಅಂದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆ, ಏಕೆ ತಾಳೆಯಾಗುತ್ತಿಲ್ಲ ಹೇಳಿ ಎಂದರು.

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಕೆಲಸಕ್ಕೆ ಸೇರಿದವರು ನಿಮ್ಮಿಂದ ಮೂಲ ದಾಖಲೆ ಕೇಳಿದ್ದರೇ, ಕೊಟ್ಟವರಿಗೆ ವಾಪಸು ಬಂತೇ ಎಂಬುದನ್ನು ಸಂಸ್ಥೆಯ ಹೆಸರಿಲ್ಲದೆ ನನಗೆ ಬರೆಯಿರಿ. ಮುಂದಿನ ವಿಡಿಯೊದಲ್ಲಿ ಓದುತ್ತೇನೆ. ಸೋಮವಾರದಿಂದ ಈ ಕಚೇರಿಗೆ ಬರಲಿದ್ದೇನೆ. ಇಲ್ಲಿನ ಚಿತ್ರೀಕರಣ ಮೆಟ್ಟಿಲಿಗೇ ನಿಲ್ಲುತ್ತದೆ, ಒಳಗಿರುವುದು ಬೇರೆಯವರ ಲೆಕ್ಕ.