ಕಿಲ್ಲಾಕ್ಕೆ ಬೆಂಕಿ ಹತ್ತಿದ ಫೋಟೋ

ನೋಡಿ, ಈಗ ಸ್ಕ್ರೀನ್ ಮೇಲಿರುವುದು ಎರಡು ವರ್ಷದ ಹಿಂದೆ ನಾನು ಎಡಿಟ್ ಮಾಡಿದ ಬೀದರ್ ಕಿಲ್ಲಾ. ಆಕಾಶಕ್ಕೆ ಬದನೆಕಾಯಿ ಬಣ್ಣ. ಗೋಡೆಗೆ ಕೆಂಡದ ಬಣ್ಣ. ಭಾರಿ ಖುಷಿಯಲ್ಲಿ ಅವ್ವನಿಗೆ ತೋರಿಸಿದೆ. ಅವಳು ಫೋನನ್ನು ಸ್ವಲ್ಪ ದೂರ ಹಿಡಿದು ನೋಡಿ, "ಏ ತಮ್ಮಾ, ಕಿಲ್ಲಾಕ್ಕ ಬೆಂಕಿ ಹತ್ಯಾದೇನೋ?" ಅಂದಳು.

ಅವತ್ತು ಸಿಟ್ಟು ಬಂತು. ಈಗ ನೋಡಿದರೆ ಅವ್ವನ ಮಾತೇ ಸರಿ. ಎಡಿಟಿಂಗ್ ಸ್ಲೈಡರ್‌ಗಳಲ್ಲಿ ಡಿಹೇಜ್ 70, ಕ್ಲಾರಿಟಿ 80. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಎಷ್ಟು ಅಂತ ಮಾತ್ರ ಕೇಳಬೇಡಿ. ಗೋಡೆಯ ಅಂಚನ್ನು ಜೂಮ್ ಮಾಡುತ್ತೇನೆ, ನೋಡಿ. ಅಲ್ಲೊಂದು ಬಿಳಿ ಗೆರೆ ಇದೆ ಅಲ್ವಾ? ದೇವರ ಫೋಟೋದ ಪ್ರಭಾವಳಿ ಥರ. ಕ್ಲಾರಿಟಿ ಜಾಸ್ತಿಯಾದರೆ ಹೀಗೇ ಆಗುತ್ತದೆ. ಕತ್ತಲೆ, ಬೆಳಕು ಎಲ್ಲಿ ಸೇರುತ್ತವೋ ಅಲ್ಲಿ ಅದು ಎರಡರ ನಡುವಿನ ವ್ಯತ್ಯಾಸವನ್ನು ಎಳೆದು ದೊಡ್ಡದು ಮಾಡುತ್ತದೆ. ಇನ್ನು ಡಿಹೇಜ್ ಬರೀ ಮಬ್ಬು ತೆಗೆದು ಸುಮ್ಮನಿರುವುದಿಲ್ಲ, ಬಣ್ಣವನ್ನೂ ಏರಿಸುತ್ತದೆ. ಮೊದಲೇ ಕೆಂಪಗಿರುವ ಗೋಡೆಗೆ ಮತ್ತೆ ಕೆಂಪು ಬಳಿದಂತಾಯಿತು.

ಇವತ್ತು ಬೆಳಗ್ಗೆ ಅದೇ ಜಾಗಕ್ಕೆ ಬಂದಿದ್ದೇನೆ. ರಾತ್ರಿಯೆಲ್ಲ ಮಳೆ ಸುರಿದು ಈಗ ಆಕಾಶ ತೊಳೆದಿಟ್ಟ ಹಾಗಿದೆ. ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಕಾಲದ ಕೋಟೆ ಇದು. ಈ ಕಡೆ ಕಂದಕ ಮೂರು ಸಾಲು ಇದೆ. ಇಲ್ಲಿಯ ಕೆಂಪು ಜಂಬಿಟ್ಟಿಗೆ ಕಲ್ಲನ್ನೇ ಕೊರೆದು ಮಾಡಿದ್ದು. ಏಳು ಗಂಟೆಯ ಬಿಸಿಲು ಪಕ್ಕದಿಂದ ಬೀಳುವಾಗ ಆ ಕಲ್ಲಿನ ಒಂದೊಂದು ತೂತಿಗೂ ಒಂದು ನೆರಳು. ಈ ನೆರಳು ಮಧ್ಯಾಹ್ನ ಬಂದರೆ ಸಿಗುವುದಿಲ್ಲ, ಯಾವ ಸ್ಲೈಡರ್ ಎಳೆದರೂ ಸಿಗುವುದಿಲ್ಲ.

ಕಣ್ಣಿಗೆ ಇಷ್ಟು ಛಂದ ಕಾಣುತ್ತಿದೆ, ಆದರೆ ಫೋಟೋ ಸಪ್ಪೆ. ಯಾಕೆ? ಸ್ಯಾಚುರೇಶನ್ ಪೂರ್ತಿ ಇಳಿಸುತ್ತೇನೆ. ನೋಡಿ, ಗೋಡೆಯೂ ಬೂದು, ಆಕಾಶವೂ ಹೆಚ್ಚು ಕಡಿಮೆ ಅದೇ ಬೂದು. ಕೆಂಪು, ನೀಲಿ ಅಂತ ಬಣ್ಣ ಬೇರೆ ಬೇರೆ, ಆದರೆ ಬೆಳಕು ಒಂದೇ ಅಳತೆ. ಅವತ್ತು ನಾನು ಬಣ್ಣವನ್ನು ಎಳೆದಾಡಿದ್ದೆ. ತೊಂದರೆ ಇದ್ದದ್ದು ಬೆಳಕಿನಲ್ಲಿ.

ಇದು ನನ್ನ ತಲೆಗೆ ಹೋಗಿದ್ದು ಕಂಪ್ಯೂಟರ್ ಮುಂದೆ ಅಲ್ಲ, ಚೌಬಾರಾ ಕಡೆಯ ಒಂದು ಬಿದ್ರಿ ಅಂಗಡಿಯಲ್ಲಿ. ಅಕ್ಕನ ಮದುವೆಗೆ ಹೂದಾನಿ ತರಲು ಹೋಗಿದ್ದೆ. ಅಲ್ಲಿ ಅರ್ಧ ಮುಗಿದ ಒಂದು ತಟ್ಟೆ ಇತ್ತು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಮೇಲೆ ಹೂಬಳ್ಳಿ ಕೆತ್ತಿ, ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿದಿದ್ದರು. ಉಜ್ಜಿ ನುಣುಪು ಮಾಡಿದ್ದರಿಂದ ಹೂಬಳ್ಳಿ ಕಾಣುವುದೇ ಕಷ್ಟ. ಸತುವೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ. ನನ್ನ ಫೋಟೋದ ಗೋಡೆ, ಆಕಾಶದ ಹಾಗೇ! ಆಮೇಲೆ ಕಿಲ್ಲಾದ ಮಣ್ಣಿಗೆ ನವಸಾಗರ ಹಾಕಿ ಕಲಸಿ, ಬಿಸಿ ಮಾಡಿದ ತಟ್ಟೆಗೆ ತಿಕ್ಕಿದರು. ಸತು ಕಪ್ಪಾಯಿತು. ಬೆಳ್ಳಿ ಹೊಳೆಯತೊಡಗಿತು. "ಕಾಕಾ, ಬೆಳ್ಳಿಗೆ ಏನು ಹಚ್ಚಿದ್ರಿ?" ಎಂದು ಕೇಳಿದೆ. "ಬೆಳ್ಳಿಗೇನ್ ಹಚ್ಚಿಲ್ಲಪಾ, ಅದು ಇದ್ದಂಗೇ ಅದ" ಅಂದರು.

ಸರಿ, ಈಗ ಅದನ್ನೇ ಲೈಟ್‌ರೂಂ ಎಂಬ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡೋಣ. ಫೋಟೋವನ್ನು ಬ್ಲ್ಯಾಕ್ ಆಂಡ್ ವೈಟ್ ಮಾಡುತ್ತೇನೆ. ಕೆಳಗೆ ಮಿಕ್ಸರ್ ಇದೆ, ಮೂಲ ಫೋಟೋದ ಒಂದೊಂದು ಬಣ್ಣ ಎಷ್ಟು ಕಪ್ಪು, ಎಷ್ಟು ಬಿಳಿ ಆಗಬೇಕು ಅಂತ ಹೇಳುವುದು ಅಲ್ಲೇ. ನೀಲಿಯನ್ನು ನಿಧಾನವಾಗಿ ಇಳಿಸಿ. ಮೈನಸ್ 20, ಮೈನಸ್ 40... ಆಕಾಶ ಹೇಗೆ ಇಳಿಯುತ್ತಿದೆ ನೋಡಿ! ಕಿತ್ತಳೆಯನ್ನು ಒಂದು 25 ಏರಿಸಿದರೆ ಸಾಕು. ಕಪ್ಪು ಆಕಾಶ, ಅದರ ಮುಂದೆ ಬೆಳ್ಳಿಯಂಥ ಗೋಡೆ.

ಇದೇನು ಹೊಸ ವಿದ್ಯೆ ಅಲ್ಲ. 1927ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್ ಹಾಫ್ ಡೋಮ್ ಎಂಬ ಬಂಡೆಯ ಫೋಟೋ ತೆಗೆಯುವಾಗ ಕೈಯಲ್ಲಿ ಉಳಿದಿದ್ದು ಫಿಲ್ಮ್ ಥರ ಬಳಸುವ ಎರಡೇ ಗಾಜಿನ ಪ್ಲೇಟು. ಮೊದಲನೆಯದಕ್ಕೆ ಹಳದಿ ಫಿಲ್ಟರ್ ಹಾಕಿದರು. ಸಾಲದು ಅನ್ನಿಸಿ, ಕೊನೆಯದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತದೆ, ಹಾಗಾಗಿ ಆಕಾಶ ಕಪ್ಪಾಗಿ ಬಂತು. ಅವರಿಗೆ ಒಂದೇ ಅವಕಾಶ. ನಮಗೆ ಅನ್‌ಡೂ ಇದೆ, ಆದರೂ ಗೊಣಗುತ್ತೇವೆ.

ಒಂದು ಎಚ್ಚರ. ಜೆಪೆಗ್ ಫೋಟೋದಲ್ಲಿ ನೀಲಿಯನ್ನು ಇಷ್ಟು ಎಳೆದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಅದರಲ್ಲಿ ಒಂದೊಂದು ಬಣ್ಣಕ್ಕೆ ಕತ್ತಲೆಯಿಂದ ಬೆಳಕಿನವರೆಗೆ 256 ಮೆಟ್ಟಿಲು ಮಾತ್ರ. ಕ್ಯಾಮೆರಾ ಸಂಸ್ಕರಿಸದೆ ಕೊಡುವ 14 ಬಿಟ್ ರಾ ಫೈಲಿನಲ್ಲಿ 16,384. ಎಳೆಯಲು ಜಾಗ ಬೇಕೆಂದರೆ ರಾದಲ್ಲೇ ತೆಗೆಯಿರಿ.

ಹಾಗಂತ ಎಲ್ಲ ಕಡೆ ಇದು ನಡೆಯುವುದಿಲ್ಲ. ಇದೇ ಊರಿನ 1472ರ ಮಹಮೂದ್ ಗಾವಾನ್ ಮದರಸಾಕ್ಕೆ ಇದೇ ಸೆಟ್ಟಿಂಗ್ ಹಾಕಿ ನೋಡಿದೆ. ಮಿನಾರಿನ ಮೇಲೆ ಉಳಿದಿರುವ ನೀಲಿ ಟೈಲ್ಸ್ ಎಲ್ಲ ಆಕಾಶದ ಜೊತೆಗೇ ಕಪ್ಪಾದವು! ಅಲ್ಲಿ ಆಕಾಶಕ್ಕೆ ಮಾತ್ರ ಮಾಸ್ಕ್ ಹಾಕಿ, ಅಂದರೆ ಅಷ್ಟೇ ಭಾಗವನ್ನು ಆರಿಸಿಕೊಂಡು, ಇಳಿಸಬೇಕು. ಬೀದರ್ ಪಕ್ಕದ ಅಷ್ಟೂರಿನಲ್ಲಿ ಇನ್ನೊಂದು ಕಥೆ. ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗೋರಿಗೆ ಸಿಡಿಲು ಬಡಿದು ಗುಮ್ಮಟ ಅರ್ಧ ಸೀಳಿ ಬಿದ್ದಿದೆ. ಬೂದು ಗೋಡೆ, ಮೇಲೆ ಬೂದು ಮೋಡ. ಬಣ್ಣವೇ ಇಲ್ಲದ ಕಡೆ ಮಿಕ್ಸರ್ ಏನು ಮಾಡೀತು? ಮೋಡದ ಹೈಲೈಟ್ಸ್, ಅಂದರೆ ತುಂಬಾ ಬೆಳ್ಳಗಿರುವ ಭಾಗ, ಸ್ವಲ್ಪ ಇಳಿಸಿ, ಸುತ್ತಲಿನ ಹೊಲವನ್ನು ಒಂಚೂರು ಮಬ್ಬು ಮಾಡಿ ಬಿಟ್ಟೆ. ಸಿಡಿಲು ಮಾಡಿದ ಕೆಲಸದ ಮೇಲೆ ನಾನು ಮತ್ತೇನು ಮಾಡಲಿ?

ಮತ್ತೆ ಇವತ್ತಿನ ಫೋಟೋಗೆ ಬರೋಣ. ಎಡಗಡೆ ಒಂದು ಕರೆಂಟ್ ವೈರ್ ಇತ್ತು, ಅದರ ಮೇಲೆ ಒಂದು ಕಾಜಾಣ. ಫೋಟೋ ತೆಗೆಯುವಾಗ ವೈರ್ ನೋಡಿ ಬೇಜಾರಾಗಿತ್ತು. ಆಕಾಶ ಕಪ್ಪಾದ ಮೇಲೆ ವೈರ್ ತಾನಾಗಿ ಮಾಯ. ಖುಷಿಯಾಯಿತು. ಆಮೇಲೆ ನೋಡಿದರೆ ಕಾಜಾಣವೂ ಇಲ್ಲ. ಕಪ್ಪು ಹಕ್ಕಿ, ಕಪ್ಪು ಆಕಾಶ. ನೀಲಿಯನ್ನು ಮೈನಸ್ 60ರಿಂದ ಮೈನಸ್ 35ಕ್ಕೆ ವಾಪಸ್ ತಂದೆ. ಈಗ ಅದರ ಸೀಳು ಬಾಲ ಕಾಣುತ್ತಿದೆ. ವೈರ್ ಕೂಡ ಕಾಣುತ್ತಿದೆ. ಇರಲಿ, ಹಕ್ಕಿ ಕೂರಲು ಏನಾದರೂ ಬೇಕಲ್ಲ.