ಶಿಲಾಬಾಲಿಕೆ ಎ2 ಪೋಸ್ಟರ್‌ಗೆ: 25%ರಲ್ಲಿ ಓಡೋ ರೆಂಡರ್ 100%ರಲ್ಲಿ ಯಾಕೆ ನಿಲ್ಲುತ್ತೆ

ಸ್ಕ್ರೀನ್ ಮೇಲಿರೋದು ಬೇಲೂರಿನ ದರ್ಪಣಸುಂದರಿಯನ್ನ ನೋಡ್ಕೊಂಡು ಝೀಬ್ರಶ್ ಅನ್ನೋ ಶಿಲ್ಪ ಕೆತ್ತೋ ಸಾಫ್ಟ್‌ವೇರ್‌ನಲ್ಲಿ ಮಾಡಿರೋ 3ಡಿ ಮಾಡೆಲ್. ಇವತ್ತು ಇದನ್ನ ಎ2 ಪೋಸ್ಟರ್‌ಗೆ ರೆಂಡರ್ ಮಾಡೋಣ, ಅಂದ್ರೆ ಮಾಡೆಲ್‌ನಿಂದ ಚಿತ್ರ ತೆಗೆಯೋಣ. ಎ2 ಅಂದ್ರೆ 420 × 594 ಮಿಲಿಮೀಟರ್, ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದ್ರೆ ಕತ್ತರಿಸಿ ಹೋಗೋ ಅಂಚು, ಸೇರಿಸಿದ್ರೆ 426 × 600. 300 ಡಿಪಿಐಗೆ, ಅಂದ್ರೆ ಇಂಚಿಗೆ 300 ಚುಕ್ಕೆಗೆ, 5032 × 7087 ಪಿಕ್ಸೆಲ್. ರೆಂಡರ್ ಮಾಡೋ ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಅದನ್ನೇ ಹಾಕ್ತಿದೀನಿ. ಗೋಡೆಗೆ ಹಾಕೋ ಪೋಸ್ಟರ್‌ಗೆ 200 ಡಿಪಿಐ ಧಾರಾಳ ಸಾಕು, 300 ಬೇಕೇ ಬೇಕು ಅನ್ನೋದು ಸುಮ್ನೆ ಅಭ್ಯಾಸದ ಮಾತು. ಆದ್ರೆ... ಇರಿ, ಈ ಕೊರಳ ಹಾರ ನೋಡಿ. ಒಂದೊಂದು ಮಣಿಯೂ ಬೇರೆ ಬೇರೆ ಕಾಣ್ಬೇಕು. ಹೊಯ್ಸಳ ಕೆತ್ತನೆ ಅಂದ್ರೆ ನೋಡೋರು ಹತ್ತಿರ ಹೋಗೇ ಹೋಗ್ತಾರೆ. ಇದಕ್ಕೆ 300ನೇ ಇರ್ಲಿ.

ಈಗ ಅಳತೆ 25%ಗೆ ಇಳಿಸಿ ಟೆಸ್ಟ್. ಆರಾಮಾಗಿ ಬಂತು. 100% ಮಾಡಿ ಎಫ್12, ಅಂದ್ರೆ ರೆಂಡರ್ ಕೀ... ನಿಂತೋಯ್ತು. ಮೆಮೊರಿ ಸಾಲ್ತಿಲ್ಲ ಅಂತ ಎರರ್.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಪ್ರಿಂಟ್ ರೆಂಡರ್ ಅರ್ಧಕ್ಕರ್ಧ ಬೀಳೋದು ಇಲ್ಲೇ. ಎರರ್ ನೋಡಿದ ತಕ್ಷಣ ಎಲ್ರೂ ಟೈಲ್ ಸೈಜ್‌ಗೆ, ಅಂದ್ರೆ ಒಂದು ಸಲಕ್ಕೆ ರೆಂಡರ್ ಆಗೋ ಚೌಕದ ಅಳತೆಗೆ, ಕೈ ಹಾಕ್ತಾರೆ, 2048ನ 512 ಮಾಡ್ತಾರೆ. ಉಪಯೋಗ ಇಲ್ಲ. ಟೈಲ್ ಚಿಕ್ಕದಾದ್ರೆ ಚಿತ್ರಕ್ಕೆ ಬೇಕಾದ ಮೆಮೊರಿ ಉಳಿಯುತ್ತೆ, ಇಲ್ಲಿ ತುಂಬಿರೋದು ಮೆಶ್, ಅಂದ್ರೆ ಮಾಡೆಲ್‌ನ ಮೈ ಆಗಿರೋ ಪುಟ್ಟ ತುಂಡುಗಳ ಬಲೆ. ಯಾಕಂದ್ರೆ ಈ ಮೈಗೆ ಅಡಾಪ್ಟಿವ್ ಸಬ್‌ಡಿವಿಷನ್ ಹಾಕಿದೆ. ಅದು ಕ್ಯಾಮೆರಾಗೆ ಕಾಣೋ ಪಿಕ್ಸೆಲ್ ಅಳತೆಗೆ ತಕ್ಕಂತೆ ಮೆಶ್‌ನ ಹೋಳು ಮಾಡುತ್ತೆ. ಡೈಸಿಂಗ್ ರೇಟ್ 1 ಅಂದ್ರೆ ಹೆಚ್ಚುಕಮ್ಮಿ ಪಿಕ್ಸೆಲ್‌ಗೊಂದು ತುಂಡು. 25%ನಿಂದ 100%ಗೆ ಬಂದಾಗ ಅಗಲ ನಾಲ್ಕು ಪಟ್ಟು, ಎತ್ತರ ನಾಲ್ಕು ಪಟ್ಟು. ಪಿಕ್ಸೆಲ್ 16 ಪಟ್ಟು, ಮೆಶ್ಶೂ ಅಷ್ಟೇ ಪಟ್ಟು ಬೆಳೀತು. ಚಿಕ್ಕ ಟೆಸ್ಟ್‌ನಲ್ಲಿ ಇದು ಕಾಣೋದೇ ಇಲ್ಲ, ಅದಕ್ಕೇ ಪ್ರಿಂಟ್ ಕೆಲಸಕ್ಕೆ 25% ಟೆಸ್ಟ್ ನಂಬ್ಬೇಡಿ. ರೆಸಲ್ಯೂಷನ್ 100%ನೇ ಇಡಿ, ಸ್ಯಾಂಪಲ್, ಅಂದ್ರೆ ಪ್ರತಿ ಪಿಕ್ಸೆಲ್‌ಗೆ ಎಷ್ಟು ಸಲ ಬೆಳಕಿನ ಲೆಕ್ಕ ಹಾಕ್ಬೇಕು ಅನ್ನೋದು, 1 ಮಾಡಿ ಎಫ್12 ಒತ್ತಿ. ಚಿತ್ರ ಗಲೀಜಾಗಿ ಬರುತ್ತೆ, ಬರ್ಲಿ. ಮೆಶ್ ಪೂರ್ತಿ ಲೋಡ್ ಆಗುತ್ತಾ ಇಲ್ವಾ ಅನ್ನೋದು ಬೇಗ ಗೊತ್ತಾಗುತ್ತೆ.

ಪರಿಹಾರ ಈಗ. ರೆಂಡರ್ ಸೆಟ್ಟಿಂಗ್‌ನ ಸಬ್‌ಡಿವಿಷನ್ ಭಾಗದಲ್ಲಿ ಡೈಸಿಂಗ್ ರೇಟ್ 1ರಿಂದ 2. ಮೆಶ್ ಕಾಲು ಭಾಗಕ್ಕೆ ಇಳಿಯುತ್ತೆ. ಸಣ್ಣ ಗೀರು, ಬಟ್ಟೆಯ ನಿರಿಗೆ ಮಂಕಾಗುತ್ತಲ್ವಾ ಅಂದ್ರೆ, ಮೆಟೀರಿಯಲ್‌ನಲ್ಲಿ ಡಿಸ್‌ಪ್ಲೇಸ್‌ಮೆಂಟ್ ಅಂಡ್ ಬಂಪ್ ಆರಿಸಿ. ದೊಡ್ಡ ಉಬ್ಬುತಗ್ಗು ನಿಜವಾದ ಮೆಶ್‌ನಲ್ಲಿ, ಕೂದಲೆಳೆಯಂಥ ವಿವರ ಬಂಪ್‌ನಲ್ಲಿ, ಅಂದ್ರೆ ಮೆಶ್ ಮುಟ್ಟದೆ ಬೆಳಕು ನೆರಳಲ್ಲೇ ತೋರಿಸೋ ಉಬ್ಬುತಗ್ಗಲ್ಲಿ. ಮ್ಯಾಪ್, ಅಂದ್ರೆ ಎಲ್ಲಿ ಎಷ್ಟು ಉಬ್ಬುತಗ್ಗು ಅಂತ ಹೇಳೋ ಚಿತ್ರ, 32 ಬಿಟ್ ಇಎಕ್ಸ್‌ಆರ್ ಫೈಲ್ ಆಗಿರ್ಲಿ, ಮಿಡ್‌ಲೆವೆಲ್ (ಉಬ್ಬೂ ಇಲ್ಲ ತಗ್ಗೂ ಇಲ್ಲ ಅನ್ನೋ ಮಟ್ಟ) 0. 8 ಬಿಟ್ ಮ್ಯಾಪ್ ಕೊಟ್ರೆ ಕೆನ್ನೆ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. ಇಡೀ ಮೂರ್ತಿಗೆ ಒಂದೇ 4ಕೆ ಮ್ಯಾಪ್ ಕೂಡ ಸಾಲಲ್ಲ, ಚಿತ್ರದ ಎತ್ತರವೇ 7087 ಪಿಕ್ಸೆಲ್. ಮುಖ, ಮೈ, ಪೀಠ ಮೂರನ್ನೂ ಯೂಡಿಮ್‌ನಲ್ಲಿ, ಅಂದ್ರೆ ಒಂದೊಂದು ಭಾಗಕ್ಕೂ ಒಂದೊಂದು ಮ್ಯಾಪ್ ಕೊಡೋ ವಿಧಾನದಲ್ಲಿ, ಬೇರೆ ಬೇರೆ ಮಾಡಿ.

ಇಷ್ಟೆಲ್ಲಾ ಯಾಕೆ, ಅನಿಮೇಷನ್ ಅಲ್ವಲ್ಲ, ಝೀಬ್ರಶ್‌ನ ಡೆಸಿಮೇಷನ್ ಮಾಸ್ಟರ್‌ನಲ್ಲಿ ಪಾಲಿಗಾನ್ (ಮೆಶ್ ತುಂಡು) ಇಳಿಸಿ ನೇರ ತಂದ್ರೆ ಆಗಲ್ವಾ? ಆಗುತ್ತೆ. ಒಡವೆಗಳಿಗೆ ಅದೇ ಉತ್ತಮ, ಇಲ್ಲಿ ಹಾರ, ಕಡಗ ಎಲ್ಲಾ ಹಾಗೇ ಬಂದಿರೋದು. ನಯವಾದ ಕೆನ್ನೆ, ಹೊಟ್ಟೆಗೆ ಮಾತ್ರ ಬೇಡ. ಅಂಥ ಕಡೆ ಡೆಸಿಮೇಷನ್ ಉದ್ದುದ್ದ ತ್ರಿಕೋನ ಬಿಡುತ್ತೆ, ಪಕ್ಕದಿಂದ ಬೆಳಕು ಬಿದ್ದಾಗ ಒಂದೊಂದೂ ಕಲೆ ಥರ ಎದ್ದು ಕಾಣುತ್ತೆ.

ಮತ್ತೆ ಎಫ್12 ಒತ್ತಿದೆ, ಟೈಲ್‌ಗಳು ಓಡ್ತಿವೆ, ಅಷ್ಟರಲ್ಲಿ ಕಲ್ಲಿನ ಬಣ್ಣದ ಬಗ್ಗೆ ಒಂದು ಮಾತು. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು, ಹಸಿರು ಬೆರೆತ ಬೂದು. ಇಂಟರ್ನೆಟ್ ತುಂಬಾ ಇದನ್ನ ಕಪ್ಪು ಗ್ರಾನೈಟ್ ಥರ ಹೊಳಪು ಹಾಕಿ ರೆಂಡರ್ ಮಾಡಿರ್ತಾರೆ, ನನಗೆ ಕಿಂಚಿತ್ತೂ ಹಿಡಿಸಲ್ಲ. ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಗಿದ್ದೇ ಆ ಕಲ್ಲು ಮೆತ್ತಗಿದ್ದಿದ್ರಿಂದ. ಬೇಲೂರಲ್ಲಿ ಒಳಗಿನ ಕಂಬಗಳ ನುಣುಪು ನೋಡಿದ್ರೆ ಸ್ವಲ್ಪ ಹೊಳಪು ಇದ್ರೂ ತಪ್ಪಿಲ್ಲ ಅನ್ಸುತ್ತೆ, ಸರಿ, ಆದ್ರೆ ಈ ಬಾಲಿಕೆಯರು ಹೆಚ್ಚಿನವರು ಹೊರಗಡೆ, ಸೂರಿನ ಕೆಳಗೆ ಇರೋರು, ಅಲ್ಲಿ... ಹಾಂ, ಟೈಲ್ ಮುಗೀತು, ಡಿನಾಯ್ಸ್‌ಗೆ ಬಂತು.

ಡಿನಾಯ್ಸ್, ಅಂದ್ರೆ ಚಿತ್ರದ ಕಾಳುಕಾಳು ತೆಗೆಯೋದು, ನಡೆಯೋದು ಕೊನೆಗೆ, ಪೂರ್ತಿ ಚಿತ್ರದ ಮೇಲೆ. ಒಂದು ಪಾಸ್‌ಗೇ (ಚಿತ್ರದ ಒಂದು ಪದರಕ್ಕೇ) 570 ಎಂಬಿ ಹತ್ತಿರ ಬೇಕು, ಆಲ್ಬೆಡೊ (ಮೂಲ ಬಣ್ಣ), ನಾರ್ಮಲ್ (ಮೈ ಮುಖಮಾಡಿರೋ ದಿಕ್ಕು) ಎಲ್ಲಾ ಸೇರಿದ್ರೆ ಇನ್ನೂ ಮೇಲೆ. ಬ್ರೌಸರ್ ಮುಚ್ಚಿಡಿ. ನಾಯ್ಸ್ ಥ್ರೆಶೋಲ್ಡ್, ಅಂದ್ರೆ ಎಷ್ಟು ಕಾಳು ಉಳಿದ್ರೂ ಪರವಾಗಿಲ್ಲ ಅನ್ನೋ ಮಿತಿ, 0.01 ಬೇಡ, 0.03 ಸಾಕು. 300 ಡಿಪಿಐನಲ್ಲಿ ಒಂದು ಪಿಕ್ಸೆಲ್ ಅಂದ್ರೆ ಮಿಲಿಮೀಟರಿನ ಹನ್ನೆರಡನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟು ಸಣ್ಣ ಕಾಳು ಕಾಗದದ ಮೇಲೆ ಕಣ್ಣಿಗೆ ಬೀಳಲ್ಲ. ತೀರಾ ಡಿನಾಯ್ಸ್ ಮಾಡಿದ್ರೆ ಮಾತ್ರ ಕಲ್ಲು ಮೇಣದ ಥರ ಆಗೋಗುತ್ತೆ.

ಉಳಿಸೋದು 16 ಬಿಟ್ ಟಿಫ್. 8 ಬಿಟ್ ಜೆಪೆಗ್‌ನಲ್ಲಿ ಈ ಹಿನ್ನೆಲೆ ಪಟ್ಟೆ ಪಟ್ಟೆ ಆಗುತ್ತೆ. ಫೈಲ್ ತೆರೆದಾಗ 72 ಡಿಪಿಐ ಅಂತ ಕಂಡ್ರೆ ಗಾಬರಿ ಬೇಡ, ಅದು ಬರೀ ಚೀಟಿ. ಫೋಟೋಶಾಪ್‌ನ ಇಮೇಜ್ ಸೈಜ್‌ನಲ್ಲಿ ರೀಸ್ಯಾಂಪಲ್ ಟಿಕ್ ತೆಗೆದು 300 ಹಾಕಿ, ಪಿಕ್ಸೆಲ್ ಒಂದೂ ಬದಲಾಗಲ್ಲ.

ಪ್ರೆಸ್‌ಗೆ ಕೊಡೋ ಮುಂಚೆ ಮುಖ, ಹಾರ ಇರೋ ಜಾಗದಿಂದ 2480 × 3508 ಪಿಕ್ಸೆಲ್ ಕತ್ತರಿಸಿ, ಅಳತೆ ಕುಗ್ಗಿಸದೆ ಅದೇ ಕಾಗದದಲ್ಲಿ ಒಂದು ಎ4 ಪ್ರಿಂಟ್ ತೆಗೆಸಿ. ಮ್ಯಾಟ್ ಕಾಗದ ಆದ್ರೆ ಹಾರದ ಕೆಳಗಿನ ನೆರಳು ಕಪ್ಪಾಗಿ ಮುಚ್ಚಿಕೊಳ್ಳುತ್ತೆ, ಫೋಟೋಶಾಪ್‌ನ ಕರ್ವ್ಸ್‌ನಲ್ಲಿ ನೆರಳಿನ ತುದಿ ಮಾತ್ರ ಸ್ವಲ್ಪ ಎತ್ತಿ ಇನ್ನೊಂದು ತೆಗೆಸಿ. "ಫಿಟ್ ಟು ಪೇಜ್ ಹಾಕ್ಬೇಡಿ, 100%ಗೇ ಬಿಡಿ" ಅಂತ ಅಂಗಡಿಯವರಿಗೆ ಬಾಯಲ್ಲಿ ಹೇಳಿ, ಆರ್ಡರ್ ಚೀಟಿ ಮೇಲೂ ಬರೆಸಿ.